ಬೆರಳ ತುದಿಯ ಹನಿ ರಕ್ತದಲ್ಲಿ ಅಲ್ಝೈಮರ್ ಪತ್ತೆ: ಆ ಪುಟ್ಟ ಯಂತ್ರ ಕೊಳ್ಳಬಹುದೇ?

ಪ್ರಶ್ನೆ: ನಾನು ದಾವಣಗೆರೆಯವನು, ವಯಸ್ಸು 44. ನನ್ನ ತಾಯಿಗೆ 71, ನಿವೃತ್ತ ಶಾಲಾ ಶಿಕ್ಷಕಿ. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆಯಿದೆ. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಾರೆ. ನಿದ್ದೆ ಬರುವುದಿಲ್ಲವೆಂದು ಕೆಲವು ವರ್ಷಗಳಿಂದ ರಾತ್ರಿ ಅಲ್ಪ್ರಜೋಲಾಮ್ ಕೂಡ. ಆರು ತಿಂಗಳ ಹಿಂದಿನ ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ 1.7 ಬಂದಿತ್ತು. ಒಂದೂವರೆ ವರ್ಷದಿಂದ ಮರೆವು ಜಾಸ್ತಿಯಾಗಿದೆ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ, ಹಾಲು ಒಲೆಯ ಮೇಲಿಟ್ಟು ಮರೆಯುತ್ತಾರೆ, ಕಳೆದ ತಿಂಗಳು ದೇವಸ್ಥಾನದಿಂದ ಬರುವಾಗ ನಮ್ಮದೇ ಬೀದಿಯ ತಿರುವು ತಪ್ಪಿಸಿಕೊಂಡರು. ಕೆಲವು ದಿನ ಪೂರ್ತಿ ಸರಿಯಾಗಿರುತ್ತಾರೆ. 'ವಯಸ್ಸಾಯ್ತು, ಅರಳುಮರಳು' ಎನ್ನುತ್ತಾರೆ ನೆಂಟರು. ಆದರೆ ನಮ್ಮ ಅಜ್ಜಿಯೂ ಕೊನೆಗಾಲದಲ್ಲಿ ಯಾರನ್ನೂ ಗುರುತಿಸುತ್ತಿರಲಿಲ್ಲ. ಮೊಬೈಲಿನಲ್ಲಿ ಒಂದು ಜಾಹೀರಾತು ನೋಡಿದೆ: ಗ್ಲುಕೋಮೀಟರ್‌ನಂಥ ಪುಟ್ಟ ಬಯೋಸೆನ್ಸರ್, ಬೆರಳಿಗೆ ಚುಚ್ಚಿ ಒಂದು ಹನಿ ಹಾಕಿದರೆ ಹತ್ತು ನಿಮಿಷದಲ್ಲಿ ಅಲ್ಝೈಮರ್ ಇದೆಯೋ ಇಲ್ಲವೋ ಹೇಳುತ್ತದಂತೆ, 99% ನಿಖರವಂತೆ. ಈಗಲೇ ಮುಂಗಡ ಕಟ್ಟಿದರೆ ರಿಯಾಯಿತಿ. ನ್ಯೂಜೆರ್ಸಿಯಲ್ಲಿರುವ ಭಾವಮೈದುನ 'ಅಮೆರಿಕದಲ್ಲಿ ಅಲ್ಝೈಮರ್ ರಕ್ತಪರೀಕ್ಷೆಗೆ ಸರ್ಕಾರದ ಒಪ್ಪಿಗೆ ಸಿಕ್ಕಾಗಿದೆ' ಎನ್ನುತ್ತಾನೆ. ಇದನ್ನು ಕೊಳ್ಳಬಹುದೇ? ಕೊಂಡರೆ ನಾನೂ ಪರೀಕ್ಷಿಸಿಕೊಳ್ಳಬೇಕೇ? ಅಥವಾ ಅಮ್ಮನನ್ನು ಬೆಂಗಳೂರಿಗೆ ಕರೆದೊಯ್ದು ದೊಡ್ಡ ಲ್ಯಾಬಿನಲ್ಲೇ ಮಾಡಿಸಲೇ?

ಉತ್ತರ: ಯಂತ್ರಕ್ಕೆ ಮುಂಗಡ ಕಟ್ಟಬೇಡಿ. ನಿಮ್ಮ ರಕ್ತದ ಪರೀಕ್ಷೆಯೂ ಬೇಡ. ಅಮ್ಮನನ್ನು ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿ. ಆ ದಾರಿಯಲ್ಲಿ ಅಲ್ಝೈಮರ್ ರಕ್ತಪರೀಕ್ಷೆ ಬಂದರೂ ನಾಲ್ಕನೆಯದೋ ಐದನೆಯದೋ ಹೆಜ್ಜೆಯಾಗಿ ಬರುತ್ತದೆ. ಅದಕ್ಕೆ ಮೊದಲು ನೋಡಬೇಕಾದ ಕೆಲವು ಸಂಗತಿಗಳು ನಿಮ್ಮ ಪತ್ರದಲ್ಲೇ ಇವೆ, ನೀವು ಅವನ್ನು ಹಿನ್ನೆಲೆಯ ವಿವರವೆಂದು ಬರೆದು ಮುಂದೆ ಸಾಗಿದ್ದೀರಿ.

ನಿಮ್ಮ ಭಾವಮೈದುನ ಹೇಳಿದ್ದು ನಿಜ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಜಪಾನ್ ಮೂಲದ ಫ್ಯೂಜಿರೆಬಿಯೊ ಕಂಪನಿಯ ಲುಮಿಪಲ್ಸ್ ಎಂಬ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಅಲ್ಝೈಮರ್‌ಗೆ ಸಂಬಂಧಿಸಿ ಅಲ್ಲಿ ಒಪ್ಪಿಗೆ ಪಡೆದ ಮೊದಲ ರಕ್ತಪರೀಕ್ಷೆ ಅದು. ಅದೇ ವರ್ಷ ಅಕ್ಟೋಬರಿನಲ್ಲಿ ರೋಶ್ ಕಂಪನಿಯ ಇನ್ನೊಂದು ಪರೀಕ್ಷೆಗೂ ಒಪ್ಪಿಗೆ ಸಿಕ್ಕಿತು. ಆದರೆ ಅವೆರಡೂ ತೋಳಿನ ನರದಿಂದ ತೆಗೆದ ರಕ್ತವನ್ನು ಸಂಸ್ಕರಿಸಿ, ಲ್ಯಾಬಿನ ದೊಡ್ಡ ಯಂತ್ರದಲ್ಲಿ ಓಡಿಸುವ ಪರೀಕ್ಷೆಗಳು. ಲುಮಿಪಲ್ಸ್‌ನ ಒಪ್ಪಿಗೆಯ ಷರತ್ತುಗಳನ್ನೂ ಗಮನಿಸಿ: 55 ದಾಟಿದವರಿಗೆ, ಈಗಾಗಲೇ ಮರೆವಿನ ಲಕ್ಷಣ ಇರುವವರಿಗೆ, ತಜ್ಞರ ಆರೈಕೆಯಲ್ಲಿರುವವರಿಗೆ. ಊರವರನ್ನೆಲ್ಲ ಸಾಲಾಗಿ ನಿಲ್ಲಿಸಿ ಸೋಸುವುದಕ್ಕಲ್ಲ, ಅದೊಂದನ್ನೇ ನಂಬಿ ರೋಗವೆಂದು ತೀರ್ಮಾನಿಸುವುದಕ್ಕೂ ಅಲ್ಲ ಎಂದು ಸ್ಪಷ್ಟವಾಗಿ ಹೇಳಲಾಗಿದೆ. ಜಾಹೀರಾತಿನವರು ಈ ಒಪ್ಪಿಗೆಯ ಸುದ್ದಿಯ ನೆರಳಿನಲ್ಲಿ ತಮ್ಮ ಡಬ್ಬಿಯನ್ನು ಮಾರುತ್ತಿದ್ದಾರೆ. ಒಂದಕ್ಕೆ ಸಿಕ್ಕ ಒಪ್ಪಿಗೆ ಇನ್ನೊಂದಕ್ಕೆ ಅನ್ವಯಿಸುವುದಿಲ್ಲ.

ಹಾಗಾದರೆ ಕೈಯಲ್ಲಿ ಹಿಡಿಯುವ ಬಯೋಸೆನ್ಸರ್ ಎಂಬುದೇ ಸುಳ್ಳೇ? ಸುಳ್ಳಲ್ಲ. ಜಗತ್ತಿನ ಹಲವು ಪ್ರಯೋಗಾಲಯಗಳಲ್ಲಿ ಅದರ ಕೆಲಸ ನಡೆಯುತ್ತಿದೆ. ಗ್ರಾಫೀನ್ ಎಂಬ ಅತಿ ತೆಳು ಇಂಗಾಲದ ಹಾಳೆಯ ಮೇಲೆ ಆ್ಯಂಟಿಬಾಡಿ (ಬೇಕಾದ ಪ್ರೋಟೀನನ್ನೇ ಹಿಡಿದುಕೊಳ್ಳುವ ಅಣು) ಅಂಟಿಸಿದ ಟ್ರಾನ್ಸಿಸ್ಟರ್, ಚಿನ್ನದ ನ್ಯಾನೋಕಣ ಬಳಿದ ಎಲೆಕ್ಟ್ರೋಡ್, ಕಾಗದದ ಪಟ್ಟಿ, ಹೀಗೆ ಬಗೆಬಗೆಯವು ಇವೆ. 2022ರ ಕೊನೆಯಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಸಿಟೈಲ್‌ಕೋಲಿನ್‌ಎಸ್ಟರೇಸ್ ಎಂಬ ಕಿಣ್ವ ಸಿಕ್ಕಾಗ ಹೊಳೆಯುವ ಅಣುವೊಂದನ್ನು ಮಾಡಿ, ಅದನ್ನು ಪಟ್ಟಿಯ ರೂಪಕ್ಕೂ ತಂದು ತೋರಿಸಿದರು. ಒಳ್ಳೆಯ ಕೆಲಸ. ಆದರೆ ಪ್ರಯೋಗಾಲಯದ ಮೇಜಿನಿಂದ ನಿಮ್ಮ ಅಡುಗೆಮನೆಯ ಮೇಜಿನವರೆಗೆ ಬಹಳ ದೂರವಿದೆ. ಆ ದೂರ ಯಾಕೆ ಅಷ್ಟು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅದು ಅರ್ಥವಾದರೆ ಮುಂದೆ ಬರುವ ಇಂಥ ಹತ್ತು ಜಾಹೀರಾತುಗಳನ್ನು ನೀವೇ ಅಳೆಯಬಲ್ಲಿರಿ.

ಅಲ್ಝೈಮರ್‌ನಲ್ಲಿ ಮಿದುಳಿನೊಳಗೆ ಎರಡು ಪ್ರೋಟೀನುಗಳು ಹದ ತಪ್ಪುತ್ತವೆ. ಅಮೈಲಾಯ್ಡ್ ಬೀಟಾ ನರಕೋಶಗಳ ಹೊರಗೆ ಗಡ್ಡೆಗಟ್ಟುತ್ತದೆ. ಟೌ ಎಂಬುದು ಕೋಶದ ಒಳಗೆ ಸಿಕ್ಕುಸಿಕ್ಕಾಗುತ್ತದೆ. ಜರ್ಮನಿಯ ವೈದ್ಯ ಅಲೋಯಿಸ್ ಅಲ್ಝೈಮರ್ 1906ರಲ್ಲಿ ತಮ್ಮ ರೋಗಿಯೊಬ್ಬರ ಮಿದುಳಿನ ತೆಳು ಹೋಳುಗಳಲ್ಲಿ ಕಂಡು ವರದಿ ಮಾಡಿದ್ದು ಈ ಎರಡನ್ನೇ. ಲಕ್ಷಣ ಕಾಣಿಸಿಕೊಳ್ಳುವ ಹದಿನೈದು ಇಪ್ಪತ್ತು ವರ್ಷ ಮೊದಲೇ ಅಮೈಲಾಯ್ಡ್ ಸೇರತೊಡಗುತ್ತದೆ. ಇವುಗಳ ಅತಿ ಸಣ್ಣ ಪಾಲು ರಕ್ತಕ್ಕೆ ಸೋರುತ್ತದೆ. ಅದರಲ್ಲಿ ಇಂದು ಎಲ್ಲರೂ ಹಿಂದೆ ಬಿದ್ದಿರುವುದು ಪಿ-ಟೌ217 ಎಂಬುದರ ಹಿಂದೆ, ಅಂದರೆ 217ನೇ ಸ್ಥಾನದಲ್ಲಿ ಫಾಸ್ಫೇಟ್ ಅಂಟಿಕೊಂಡ ಟೌ. ಜೊತೆಗೆ ಅಮೈಲಾಯ್ಡ್‌ನ ಎರಡು ರೂಪಗಳಾದ 42 ಮತ್ತು 40ರ ಅನುಪಾತ, ಜಿಎಫ್‌ಎಪಿ, ಎನ್‌ಎಫ್‌ಎಲ್ ಎಂಬ ಪ್ರೋಟೀನುಗಳೂ ಇವೆ. ಕೊನೆಯ ಎರಡು ಅಲ್ಝೈಮರ್‌ಗೆ ಮೀಸಲಲ್ಲ. ಮಿದುಳಿಗೆ ಬೇರೆ ಪೆಟ್ಟು ಬಿದ್ದಾಗಲೂ ಏರುತ್ತವೆ.

ಈಗ ಲೆಕ್ಕ ನೋಡಿ. ಆರೋಗ್ಯವಂತರ 1 ಮಿಲಿ ರಕ್ತದಲ್ಲಿ ಸುಮಾರು 1 ಮಿಲಿಗ್ರಾಂ ಗ್ಲುಕೋಸ್ ಇರುತ್ತದೆ. ಪಿ-ಟೌ217 ಇರುವುದು ಸಾಮಾನ್ಯವಾಗಿ 1 ಪಿಕೋಗ್ರಾಂಗಿಂತಲೂ ಕಡಿಮೆ. ಅಂದರೆ ಗ್ಲುಕೋಸ್‌ಗಿಂತ ನೂರು ಕೋಟಿ ಪಟ್ಟಿಗಿಂತಲೂ ಕಮ್ಮಿ. ಹೃದಯಾಘಾತ ಪತ್ತೆಗೆ ಬಳಸುವ ಟ್ರೊಪೊನಿನ್ ಬಹಳ ಸೂಕ್ಷ್ಮ ಪರೀಕ್ಷೆ ಎನ್ನುತ್ತೇವಲ್ಲ, ಅದರಲ್ಲೂ ನಾವು ಗೆರೆ ಎಳೆಯುವುದು 14 ಪಿಕೋಗ್ರಾಂ ಆಸುಪಾಸಿನಲ್ಲಿ. ಅದನ್ನು ಪುಟ್ಟ ಯಂತ್ರದಲ್ಲಿ ನಂಬುವಂತೆ ಅಳೆಯುವುದಕ್ಕೇ ದಶಕಗಳು ಹಿಡಿದವು. ಪಿ-ಟೌ217 ಅದಕ್ಕಿಂತಲೂ ಹತ್ತಾರು ಪಟ್ಟು ವಿರಳ. ಅದೇ ಹನಿಯಲ್ಲಿ ಅಲ್ಬುಮಿನ್, ಹಿಮೋಗ್ಲೋಬಿನ್, ನೂರೆಂಟು ಆ್ಯಂಟಿಬಾಡಿಗಳು ಮಿಲಿಗ್ರಾಂಗಟ್ಟಲೆ ಇರುತ್ತವೆ. ಜಾತ್ರೆಯ ಗದ್ದಲದ ನಡುವೆ ಒಬ್ಬರ ಪಿಸುಮಾತು ಆಲಿಸಿದ ಹಾಗೆ.

ಗ್ಲುಕೋಮೀಟರ್ ಸುಲಭವಾಗಿದ್ದಕ್ಕೆ ಇನ್ನೊಂದು ಕಾರಣವಿದೆ, ಅದನ್ನು ಯಾರೂ ಹೇಳುವುದಿಲ್ಲ. ಪಟ್ಟಿಯಲ್ಲಿರುವ ಕಿಣ್ವ ಗ್ಲುಕೋಸನ್ನು ಒಂದರ ಹಿಂದೊಂದರಂತೆ ಒಡೆಯುತ್ತಾ ಹೋಗುತ್ತದೆ, ಪ್ರತಿ ಸಲವೂ ಎಲೆಕ್ಟ್ರಾನ್ ಹೊರಬರುತ್ತದೆ, ಒಟ್ಟು ಸೇರಿ ಅಳೆಯಬಹುದಾದಷ್ಟು ಕರೆಂಟ್ ಆಗುತ್ತದೆ. 1962ರಲ್ಲಿ ಲೀಲ್ಯಾಂಡ್ ಕ್ಲಾರ್ಕ್ ಎಂಬ ವಿಜ್ಞಾನಿ ಮುಂದಿಟ್ಟ ಉಪಾಯದ ಮೇಲೆ ಆ ಇಡೀ ಉದ್ಯಮ ನಿಂತಿದೆ. ಟೌ ಪ್ರೋಟೀನಿಗೆ ಅಂಥ ಕಿಣ್ವ ಇಲ್ಲ. ಆ್ಯಂಟಿಬಾಡಿ ಅದನ್ನು ಹಿಡಿದುಕೊಳ್ಳುತ್ತದೆ, ಅಷ್ಟೇ. ಹಿಡಿದದ್ದನ್ನು ಸಂಕೇತವಾಗಿ ಮಾಡುವುದೇ ಕಷ್ಟ.

ಟ್ರಾನ್ಸಿಸ್ಟರ್ ಮಾದರಿಯ ಸೆನ್ಸರ್ ತೆಗೆದುಕೊಳ್ಳಿ. ಪ್ರೋಟೀನ್ ಬಂದು ಕೂತಾಗ ಅದರ ವಿದ್ಯುದಾವೇಶದಿಂದ ಕರೆಂಟ್ ಅಲುಗಾಡಬೇಕು. ಆದರೆ ರಕ್ತದಲ್ಲಿರುವ ಉಪ್ಪಿನ ಅಯಾನುಗಳು ಆ ಆವೇಶವನ್ನು ಮುಚ್ಚಿಬಿಡುತ್ತವೆ. ಸೆನ್ಸರ್‌ನ ಮೇಲ್ಮೈಯಿಂದ 1 ನ್ಯಾನೋಮೀಟರ್ ಆಚೆಗಿನದು ಅದಕ್ಕೆ ಕಾಣುವುದೇ ಇಲ್ಲ. ಆ್ಯಂಟಿಬಾಡಿಯ ಉದ್ದವೇ ಸುಮಾರು 10 ನ್ಯಾನೋಮೀಟರ್. ಹಾಗಾಗಿ ಪ್ರಯೋಗಾಲಯದಲ್ಲಿ ಉಪ್ಪು ಕಡಿಮೆಯಿರುವ ದ್ರಾವಣಕ್ಕೆ ಶುದ್ಧ ಟೌ ಬೆರೆಸಿ ಅಳೆಯುತ್ತಾರೆ, ಗ್ರಾಫ್ ನೇರಗೆರೆಯಲ್ಲಿ ಬರುತ್ತದೆ, ಪ್ರಬಂಧ ಪ್ರಕಟವಾಗುತ್ತದೆ. ನಿಜವಾದ ರಕ್ತ ಸುರಿದಾಗ ಕತೆಯೇ ಬೇರೆ. ಅಲ್ಬುಮಿನ್ ಮೇಲ್ಮೈಗೆ ಮೆತ್ತಿಕೊಳ್ಳುತ್ತದೆ, ಸಂಕೇತ ನಿಮಿಷ ನಿಮಿಷಕ್ಕೆ ಜಾರುತ್ತದೆ, ಒಂದು ಬ್ಯಾಚಿನ ಪಟ್ಟಿ ಇನ್ನೊಂದು ಬ್ಯಾಚಿಗೆ ತಾಳೆಯಾಗುವುದಿಲ್ಲ. ಇದಕ್ಕೆಲ್ಲ ಪರಿಹಾರ ಹುಡುಕುತ್ತಿದ್ದಾರೆ: ಆ್ಯಂಟಿಬಾಡಿಯ ಬದಲು ಅದೇ ಕೆಲಸ ಮಾಡುವ ಆಪ್ಟಮರ್ ಎಂಬ ಪುಟ್ಟ ಅಣುಗಳು, ಅಂಟದಂಥ ಲೇಪನಗಳು, ಟೌ ಹಿಡಿದು ತರುವ ಕಾಂತದ ಮಣಿಗಳು. ಒಂದೊಂದೂ ಮುಂದುವರಿಯುತ್ತಿದೆ. ಅದಕ್ಕೇ ನಾನು 'ಆಗದ ಕೆಲಸ' ಎನ್ನುತ್ತಿಲ್ಲ. ಆದರೆ '99%' ಎಂದು ಯಾರಾದರೂ ಹೇಳಿದಾಗ ನನ್ನ ಮೊದಲ ಪ್ರಶ್ನೆ, ಯಾವುದರಲ್ಲಿ ಅಳೆದಿರಿ, ದ್ರಾವಣದಲ್ಲೋ ರೋಗಿಗಳ ರಕ್ತದಲ್ಲೋ? ಎರಡನೆಯದು, ಯಾವುದಕ್ಕೆ ಹೋಲಿಸಿದಿರಿ, ಮಿದುಳಿನ ಅಮೈಲಾಯ್ಡ್ ತೋರಿಸುವ ಪೆಟ್ ಸ್ಕ್ಯಾನಿಗೋ ಬೆನ್ನುಹುರಿಯ ದ್ರವದ ಪರೀಕ್ಷೆಗೋ? ಉತ್ತರ ಸಾಮಾನ್ಯವಾಗಿ ತೊದಲುತ್ತದೆ.

ನಿಖರತೆಯ ವಿಷಯದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ನಿಮ್ಮ ಮನೆಯ ಗ್ಲುಕೋಮೀಟರ್ ಆಚೀಚೆ 15% ತಪ್ಪಬಹುದು ಎಂದು ಅಂತರರಾಷ್ಟ್ರೀಯ ಮಾನದಂಡವೇ ಒಪ್ಪುತ್ತದೆ. ಸಕ್ಕರೆ 200 ಇದ್ದದ್ದು 220 ಎಂದು ತೋರಿಸಿದರೆ ಚಿಕಿತ್ಸೆ ಬದಲಾಗುವುದಿಲ್ಲ. ಆದರೆ ರಕ್ತದ ಅಮೈಲಾಯ್ಡ್ ಅನುಪಾತದಲ್ಲಿ ರೋಗ ಇರುವವರಿಗೂ ಇಲ್ಲದವರಿಗೂ ಇರುವ ವ್ಯತ್ಯಾಸವೇ 10ರಿಂದ 15%. ಅಳತೆಯ ತಪ್ಪು ಆ ವ್ಯತ್ಯಾಸದಷ್ಟೇ ಇದ್ದರೆ ಫಲಿತಾಂಶವೆಂದು ಬಂದದ್ದು ನಾಣ್ಯ ಚಿಮ್ಮಿದ್ದಕ್ಕಿಂತ ಹೆಚ್ಚೇನಲ್ಲ. ಪಿ-ಟೌ217 ರೋಗದಲ್ಲಿ ಎರಡು ಮೂರು ಪಟ್ಟು ಏರುವುದರಿಂದಲೇ ಅದಕ್ಕೆ ಇಷ್ಟು ಬೆಲೆ.

ಬೆರಳ ತುದಿಯ ರಕ್ತವೂ ಸಾಧುವಲ್ಲ. ಹಿಂಡಿದರೆ ಅಂಗಾಂಶದ ನೀರು ಬೆರೆಯುತ್ತದೆ, ಕೆಂಪು ಕಣ ಒಡೆಯುತ್ತದೆ. ಲ್ಯಾಬಿನಲ್ಲಿ ಕೂತು ನೋಡುವ ನಮಗೆ ಗೊತ್ತು, ಯಂತ್ರ ಎಷ್ಟೇ ಒಳ್ಳೆಯದಿರಲಿ, ಹಾಳಾದ ಮಾದರಿಯಿಂದ ಬರುವುದು ಹಾಳು ಸಂಖ್ಯೆಯೇ. ಅಮೈಲಾಯ್ಡ್ ಪ್ಲಾಸ್ಟಿಕ್ ಕೊಳವೆಯ ಗೋಡೆಗೂ ಅಂಟುತ್ತದೆ. ರಕ್ತ ತೆಗೆದು ಗಂಟೆಗಟ್ಟಲೆ ಬೇರ್ಪಡಿಸದೆ ಇಟ್ಟರೆ ಅದರ ಮಟ್ಟ ಇಳಿಯುತ್ತದೆ. ತಾಲ್ಲೂಕು ಕೇಂದ್ರದಲ್ಲಿ ತೆಗೆದು, ಬಸ್ಸಿನಲ್ಲಿ ಬಿಸಿಲಲ್ಲಿ ಬಂದು, ಸಂಜೆ ನಮ್ಮ ಕೈಸೇರುವ ಮಾದರಿಗಳನ್ನು ನಾವು ತಿರಸ್ಕರಿಸುವುದು ಇದಕ್ಕೇ. ಒಂದು ಹನಿಯಿಂದ ನೂರು ಪರೀಕ್ಷೆ ಎಂದು ಅಮೆರಿಕದಲ್ಲಿ 2003ರಲ್ಲಿ ಶುರುವಾದ ಥೆರಾನೋಸ್ ಕಂಪನಿಯ ಕತೆ ನಿಮಗೆ ಗೊತ್ತಿರಬಹುದು. 2022ರ ಜನವರಿಯಲ್ಲಿ ಅದರ ಸ್ಥಾಪಕಿ ಹೂಡಿಕೆದಾರರಿಗೆ ವಂಚಿಸಿದ ಅಪರಾಧಿ ಎಂದು ತೀರ್ಪಾಯಿತು. ಎಲ್ಲ ಹೊಸ ಕಂಪನಿಗಳೂ ಹಾಗೆ ಎನ್ನುತ್ತಿಲ್ಲ. ಆದರೆ ಮುಂಗಡ ಹಣ ಕೇಳುವವರನ್ನು ಕಂಡಾಗ ನೆನಪಾಗುತ್ತದೆ.

ಸರಿ, ಯಂತ್ರ ನಿಜಕ್ಕೂ ಚೆನ್ನಾಗಿದೆ ಎಂದೇ ಇಟ್ಟುಕೊಳ್ಳೋಣ. ರೋಗವಿರುವ ನೂರರಲ್ಲಿ 90 ಮಂದಿಯನ್ನು ಹಿಡಿಯುತ್ತದೆ, ಇಲ್ಲದ ನೂರರಲ್ಲಿ 90 ಮಂದಿಗೆ 'ಇಲ್ಲ' ಎನ್ನುತ್ತದೆ. ಅಂತರರಾಷ್ಟ್ರೀಯ ಅಲ್ಝೈಮರ್ ಸಮ್ಮೇಳನದಲ್ಲಿ 2025ರಲ್ಲಿ ಹೊರಬಂದ ಮಾರ್ಗಸೂಚಿ, ಪೆಟ್ ಸ್ಕ್ಯಾನಿಗೆ ಬದಲಾಗಿ ಬಳಸಬಹುದಾದ ರಕ್ತಪರೀಕ್ಷೆಗೆ ಇಟ್ಟ ಮಟ್ಟವೂ ಇದೇ, ಅದೂ ಮರೆವಿನ ತೊಂದರೆ ಇದ್ದು ತಜ್ಞರ ಬಳಿ ಬಂದವರಲ್ಲಿ ಮಾತ್ರ. ನೆನಪಿನ ಕ್ಲಿನಿಕ್ಕಿಗೆ ಬರುವ 1,000 ಮಂದಿಯಲ್ಲಿ 600 ಮಂದಿಗೆ ಅಲ್ಝೈಮರ್ ಬದಲಾವಣೆ ಇದೆ ಎಂದುಕೊಳ್ಳಿ. 540 ಮಂದಿಗೆ ಸರಿಯಾಗಿ 'ಇದೆ' ಎನ್ನುತ್ತದೆ, 40 ಮಂದಿಗೆ ತಪ್ಪಾಗಿ. 'ಇದೆ' ಎಂದರೆ ನಂಬಬಹುದು. ಈಗ ಅದೇ ಯಂತ್ರವನ್ನು ನಿಮ್ಮಂಥವರ ಮುಂದೆ ಇಡಿ. 50ರ ಆಸುಪಾಸಿನ, ಮರೆವಿನ ತೊಂದರೆಯಿಲ್ಲದವರಲ್ಲಿ ಸುಮಾರು 10% ಮಂದಿಯ ಮಿದುಳಿನಲ್ಲಿ ಅಮೈಲಾಯ್ಡ್ ಇರುತ್ತದೆ. 1,000ದಲ್ಲಿ 100. ಯಂತ್ರ 90 ಮಂದಿಯನ್ನು ಹಿಡಿಯುತ್ತದೆ. ಉಳಿದ 900ರಲ್ಲಿ 90 ಮಂದಿಗೆ ತಪ್ಪಾಗಿ 'ಇದೆ' ಎನ್ನುತ್ತದೆ. 'ಇದೆ' ಎಂದದ್ದರಲ್ಲಿ ಅರ್ಧಕ್ಕರ್ಧ ಸುಳ್ಳು. ಯಂತ್ರ ಬದಲಾಗಿಲ್ಲ, ಮುಂದೆ ಕೂತವರು ಬದಲಾದರು.

ಇನ್ನರ್ಧ ನಿಜವಾಗಿದ್ದರೂ ನಿಮಗೇನು ಸಿಕ್ಕಿತು? ಅಮೈಲಾಯ್ಡ್ ಇದ್ದವರೆಲ್ಲ ಮರೆವಿಗೆ ಬೀಳುವುದಿಲ್ಲ. 90 ವಯಸ್ಸಿನ, ಬುದ್ಧಿ ಚುರುಕಾಗಿರುವವರಲ್ಲೇ 40%ಕ್ಕೂ ಹೆಚ್ಚು ಮಂದಿಯಲ್ಲಿ ಅದು ಇರುತ್ತದೆ. ಲಕ್ಷಣವಿಲ್ಲದವರಿಗೆ ಕೊಡಲು ಇಂದು ಒಪ್ಪಿತ ಔಷಧವೂ ಇಲ್ಲ. ಕೀಲಿ ಎಲ್ಲಿಟ್ಟೆ ಎಂದು ಮರೆತ ದಿನವೆಲ್ಲ ಆ ಕೆಂಪು ಅಕ್ಷರ ಕಣ್ಣಮುಂದೆ ಬರುತ್ತದೆ, ಅಷ್ಟೇ ಲಾಭ. ಅಜ್ಜಿಗೆ ಇತ್ತು ಎಂಬ ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ತಲೆಮಾರಿನಿಂದ ತಲೆಮಾರಿಗೆ ನೇರವಾಗಿ ಇಳಿಯುವ, ನಲವತ್ತು ಐವತ್ತರಲ್ಲೇ ಶುರುವಾಗುವ ಬಗೆ ಇದೆ, ಆದರೆ ಅದು ಒಟ್ಟು ಅಲ್ಝೈಮರ್‌ನಲ್ಲಿ 1%ಕ್ಕಿಂತ ಕಡಿಮೆ. ಇಳಿವಯಸ್ಸಿನಲ್ಲಿ ಬಂದದ್ದು ಮಕ್ಕಳು ಮೊಮ್ಮಕ್ಕಳ ಅಪಾಯವನ್ನು ಒಂದಿಷ್ಟು ಹೆಚ್ಚಿಸುತ್ತದೆ, ಹಣೆಬರಹ ಬರೆಯುವುದಿಲ್ಲ. ನಿಮ್ಮ ವಯಸ್ಸಿನಲ್ಲಿ ಅಳೆಯಬೇಕಾದ್ದು ರಕ್ತದೊತ್ತಡ, ಸಕ್ಕರೆ, ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗದ 2024ರ ಅಂದಾಜಿನಂತೆ ಬದಲಿಸಬಹುದಾದ 14 ಅಂಶಗಳನ್ನು ಸರಿಪಡಿಸಿದರೆ ಡಿಮೆನ್ಶಿಯಾ (ಅಲ್ಝೈಮರ್ ಸೇರಿದಂತೆ ಬುದ್ಧಿ ಕುಸಿಯುವ ಮರೆವಿನ ಕಾಯಿಲೆಗಳು) ಪ್ರಕರಣಗಳಲ್ಲಿ ಸುಮಾರು 45%ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು. ಆ ಪಟ್ಟಿಯಲ್ಲಿ ನಡುವಯಸ್ಸಿನ ಎಲ್‌ಡಿಎಲ್ ಮತ್ತು ಕಿವುಡುತನ ಮೇಲಿನ ಸ್ಥಾನದಲ್ಲಿವೆ. ತಾಯಿಗೆ ಸಕ್ಕರೆ ಕಾಯಿಲೆ ಇರುವ ನಿಮಗೆ ಈ ಮೂರು ಪರೀಕ್ಷೆ ಯಾವ ಬಯೋಸೆನ್ಸರ್‌ಗಿಂತಲೂ ಹೆಚ್ಚು ಬೇಕು.

ಇನ್ನು ಅಮ್ಮನ ವಿಷಯ. ಮನೆ ಬೀದಿಯ ತಿರುವು ತಪ್ಪುವುದು ವಯಸ್ಸಿನ ಸಹಜ ಮರೆವಲ್ಲ. ನೆಂಟರ ಮಾತಿಗೆ ಕಿವಿಗೊಡಬೇಡಿ. ಆದರೆ ಅಲ್ಝೈಮರೇ ಎಂದೂ ಈಗಲೇ ನಿರ್ಧರಿಸಬೇಡಿ. 'ಕೆಲವು ದಿನ ಪೂರ್ತಿ ಸರಿಯಾಗಿರುತ್ತಾರೆ' ಎಂದು ಬರೆದಿದ್ದೀರಿ. ನನ್ನ ಕಣ್ಣು ನಿಂತದ್ದು ಆ ಸಾಲಿನ ಮೇಲೆ. ಅಲ್ಝೈಮರ್ ಸಾಮಾನ್ಯವಾಗಿ ನಿಧಾನಕ್ಕೆ ಇಳಿಜಾರಿನಲ್ಲಿ ಹೋಗುತ್ತದೆ. ಹೀಗೆ ಏರಿಳಿತ ಎದ್ದು ಕಂಡರೆ ಬೇರೆ ಕಾರಣವೊಂದು ಜೊತೆಗೂಡಿದೆಯೇ ಎಂದು ನೋಡಬೇಕು.

ಗ್ಲಿಮೆಪಿರೈಡ್ ಸಕ್ಕರೆಯನ್ನು ತೀರಾ ಕೆಳಗಿಳಿಸಬಲ್ಲ ಮಾತ್ರೆ. 71ರ ಹೆಂಗಸಿಗೆ ಕ್ರಿಯಾಟಿನಿನ್ 1.7 ಎಂದರೆ ಮೂತ್ರಪಿಂಡದ ಶೋಧನಾ ಸಾಮರ್ಥ್ಯ 30ರಿಂದ 35ರ ಆಸುಪಾಸಿಗೆ ಬಂದಿದೆ ಎಂದರ್ಥ. ಆರೋಗ್ಯವಂತ ಯುವಕರಲ್ಲಿ ಅದು 90ಕ್ಕೂ ಮೇಲಿರುತ್ತದೆ. ಮೂತ್ರಪಿಂಡ ಸೋತಾಗ ಆ ಮಾತ್ರೆಯ ಪರಿಣಾಮ ದೇಹದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಮಧ್ಯಾಹ್ನದ ಊಟ ತಡವಾಯಿತೆಂದರೆ ಸಕ್ಕರೆ 60ಕ್ಕೆ ಇಳಿಯಬಹುದು, ವಯಸ್ಸಾದವರಲ್ಲಿ ಬೆವರು ನಡುಕವಿಲ್ಲದೆ ಬರೀ ಗೊಂದಲವಾಗಿ ಕಾಣಿಸಿಕೊಳ್ಳಬಹುದು. ಪೂಜೆ ಮುಗಿಸಿ ಖಾಲಿ ಹೊಟ್ಟೆಯಲ್ಲಿ ದೇವಸ್ಥಾನದಿಂದ ಬರುತ್ತಿದ್ದರೇ? ಕೇಳಿ ನೋಡಿ. ಅವರು ದಾರಿ ತಪ್ಪಿದಾಗ, ಮಂಕಾದಾಗ, ಮನೆಯಲ್ಲಿರುವ ಸಾಧಾರಣ ಗ್ಲುಕೋಮೀಟರಿನಲ್ಲಿ ಸಕ್ಕರೆ ನೋಡಿ ಸಮಯದ ಸಮೇತ ಬರೆದಿಡಿ. 70ಕ್ಕಿಂತ ಕೆಳಗಿದ್ದರೆ ಕೂಡಲೇ ಸಕ್ಕರೆ ನೀರು ಕೊಟ್ಟು ಅದೇ ದಿನ ವೈದ್ಯರಿಗೆ ತಿಳಿಸಿ.

ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಜೀವಸತ್ವ ಕಡಿಮೆಯಾಗುತ್ತದೆ. ಸಸ್ಯಾಹಾರಿಗಳಾದರೆ ಇನ್ನೂ ಹೆಚ್ಚು. ಬಿ12 ಕೊರತೆ ಮರೆವನ್ನು ತರಬಲ್ಲದು, ಅದನ್ನು ಇಂಜೆಕ್ಷನ್ನಿನಿಂದ ತುಂಬಬಹುದು. ಮೂತ್ರಪಿಂಡದ ಈ ಸ್ಥಿತಿಯಲ್ಲಿ ಮೆಟ್‌ಫಾರ್ಮಿನ್ ಪ್ರಮಾಣವನ್ನೂ ವೈದ್ಯರು ಹೇಗಿದ್ದರೂ ಮರುಪರಿಶೀಲಿಸಲೇಬೇಕು. ಅಲ್ಪ್ರಜೋಲಾಮ್ ಹೊಸ ನೆನಪು ಕೂರುವುದಕ್ಕೇ ಅಡ್ಡಬರುವ ಮಾತ್ರೆ. ಅದನ್ನು ಇಂದು ರಾತ್ರಿಯೇ ನಿಲ್ಲಿಸಿಬಿಡಬೇಡಿ. ವರ್ಷಗಳಿಂದ ತಗೊಂಡವರಲ್ಲಿ ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು. ವಾರಗಟ್ಟಲೆ, ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಥೈರಾಯ್ಡ್, ಸೋಡಿಯಂ, ಹಿಮೋಗ್ಲೋಬಿನ್ ನೋಡಬೇಕು. ಕಿವಿ ಸರಿಯಾಗಿ ಕೇಳುತ್ತದೆಯೇ, ಮನಸ್ಸು ಕುಗ್ಗಿದೆಯೇ, ಇತ್ತೀಚೆಗೆ ಬಿದ್ದು ತಲೆಗೆ ಪೆಟ್ಟಾಗಿತ್ತೇ ಎಂದು ವಿಚಾರಿಸಬೇಕು. ಇದೆಲ್ಲಕ್ಕೂ ದಾವಣಗೆರೆಯೇ ಸಾಕು. ಇದೆಲ್ಲ ಸರಿಪಡಿಸಿದ ಮೇಲೂ ಮರೆವು ಉಳಿಯಬಹುದು, ಉಳಿಯುವ ಸಾಧ್ಯತೆ ಕಮ್ಮಿಯೇನಲ್ಲ. ಒಂದು ಕಾರಣ ಸಿಕ್ಕಿತೆಂದು ಇನ್ನೊಂದು ಇಲ್ಲವೆಂದಾಗುವುದಿಲ್ಲ.

ಮುಂದಿನದು ನೆನಪಿನ ಪರೀಕ್ಷೆ, ಅಂದರೆ ಕಾಗದ ಪೆನ್ಸಿಲಿನ ಪ್ರಶ್ನೆಗಳು. ಇದನ್ನು ಹಗುರವಾಗಿ ಕಾಣಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕನ್ನಡವೂ ಸೇರಿದಂತೆ ಐದು ಭಾರತೀಯ ಭಾಷೆಗಳಲ್ಲಿ ಇದಕ್ಕೆಂದೇ ಪರೀಕ್ಷಾಗುಚ್ಛ ಸಿದ್ಧಪಡಿಸಿದೆ. ನಿವೃತ್ತ ಶಿಕ್ಷಕಿಯನ್ನೂ ಶಾಲೆಗೇ ಹೋಗದವರನ್ನೂ ಒಂದೇ ಅಂಕದಿಂದ ಅಳೆಯಲಾಗದು. ನಿಮ್ಮ ತಾಯಿಯಂಥವರು ಹಳೆಯ ಓದಿನ ಬಲದಿಂದ ಸುಲಭ ಪ್ರಶ್ನೆಗಳಲ್ಲಿ ಗೆದ್ದುಬಿಡುತ್ತಾರೆ. ಆಮೇಲೆ ಮಿದುಳಿನ ಎಂಆರ್‌ಐ. ರಕ್ತನಾಳದ ತೊಂದರೆಯಿಂದ ಬಂದ ಮರೆವು, ನೀರು ತುಂಬಿಕೊಂಡದ್ದು, ಹೆಪ್ಪುಗಟ್ಟಿದ ರಕ್ತ, ಗಡ್ಡೆ ಇವೆಲ್ಲ ಅಲ್ಲಿ ಗೊತ್ತಾಗುತ್ತವೆ. ಹದಿನೈದು ವರ್ಷದ ಸಕ್ಕರೆ ಕಾಯಿಲೆಯವರಲ್ಲಿ ರಕ್ತನಾಳದ ಪಾತ್ರ ಬಹುಮಟ್ಟಿಗೆ ಇದ್ದೇ ಇರುತ್ತದೆ.

ಇಷ್ಟಾದ ಮೇಲೂ ನರರೋಗ ತಜ್ಞರಿಗೆ ಅನುಮಾನ ಉಳಿದರೆ ಆಗ ರಕ್ತದ ಪಿ-ಟೌ217. ನಿಮ್ಮ ಮೂರನೇ ಪ್ರಶ್ನೆಗೆ ಇದು ಉತ್ತರ: ಬೆಂಗಳೂರಿಗೆ ಹೋಗುವುದಾದರೆ ಲ್ಯಾಬಿಗೆಂದು ಹೋಗಬೇಡಿ, ವೈದ್ಯರಿಗೆಂದು ಹೋಗಿ. ಲ್ಯಾಬಿನ ಪರೀಕ್ಷೆ ಅದರ ಜಾಗದಲ್ಲಿ ಬಹಳ ಶಕ್ತಿಯುತ. ಸ್ವೀಡನ್ನಿನಲ್ಲಿ 1,213 ಮಂದಿಯ ಮೇಲೆ ನಡೆದ, 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪಿ-ಟೌ217 ಒಳಗೊಂಡ ರಕ್ತಪರೀಕ್ಷೆ ಸುಮಾರು 90% ಸರಿ ಹೇಳಿತು; ಅದಿಲ್ಲದೆ ಸಾಮಾನ್ಯ ವೈದ್ಯರು 61%, ಡಿಮೆನ್ಶಿಯಾ ತಜ್ಞರು 73% ಸರಿ ಹೇಳಿದ್ದರು. ವೈದ್ಯರು ತಲೆಬಾಗಬೇಕಾದ ಅಂಕಿ ಇದು. ಲುಮಿಪಲ್ಸ್ ಪರೀಕ್ಷೆಯ 499 ಮಾದರಿಗಳಲ್ಲಿ 'ಇದೆ' ಎಂದು ಬಂದವರಲ್ಲಿ 91.7% ಮಂದಿಗೆ ನಿಜಕ್ಕೂ ಅಮೈಲಾಯ್ಡ್ ಇತ್ತು, 'ಇಲ್ಲ' ಎಂದವರಲ್ಲಿ 97.3% ಮಂದಿಗೆ ಇರಲಿಲ್ಲ. ಆದರೆ ಐದರಲ್ಲಿ ಒಂದಕ್ಕೆ ಹತ್ತಿರ ಮಾದರಿಗಳು ಇತ್ತಲೂ ಅಲ್ಲ ಅತ್ತಲೂ ಅಲ್ಲ ಎಂಬ ನಡುವಿನ ಪಟ್ಟಿಯಲ್ಲಿ ಉಳಿದವು. ಪ್ರಾಮಾಣಿಕ ಪರೀಕ್ಷೆ 'ನನಗೆ ಗೊತ್ತಿಲ್ಲ' ಎನ್ನುವ ಜಾಗ ಇಟ್ಟುಕೊಂಡಿರುತ್ತದೆ. ನಿಮ್ಮ ಜಾಹೀರಾತಿನ ಯಂತ್ರದಲ್ಲಿ ಆ ದೀಪ ಇದೆಯೇ?

ನಿಮ್ಮ ತಾಯಿಗೆ ವಿಶೇಷವಾಗಿ ಒಂದು ಎಚ್ಚರಿಕೆ. ಮೂತ್ರಪಿಂಡ ದುರ್ಬಲವಾದವರಲ್ಲಿ ಅಲ್ಝೈಮರ್ ಇಲ್ಲದಿದ್ದರೂ ರಕ್ತದ ಪಿ-ಟೌ ಮಟ್ಟ ಏರಬಹುದು. ಬೇರೊಂದು ಪ್ರೋಟೀನಿನೊಂದಿಗೆ ಅನುಪಾತವಾಗಿ ನೋಡಿದರೆ ಈ ದೋಷ ಒಂದಷ್ಟು ತಗ್ಗುತ್ತದೆ. ತೀರಾ ದಪ್ಪಗಿರುವವರಲ್ಲಿ ತದ್ವಿರುದ್ಧ, ಮಟ್ಟ ಕಡಿಮೆ ತೋರುತ್ತದೆ. ಕ್ರಿಯಾಟಿನಿನ್ 1.7 ಎಂಬ ಸಂಗತಿ ತಿಳಿಯದ ಪುಟ್ಟ ಯಂತ್ರವೊಂದು ಅವರ ರಕ್ತದಲ್ಲಿ ಪಿ-ಟೌ ಹೆಚ್ಚಿರುವುದನ್ನು ಸರಿಯಾಗಿಯೇ ಅಳೆದು, ಅದರ ಅರ್ಥವನ್ನು ಪೂರ್ತಿ ತಪ್ಪಾಗಿ ಹೇಳಬಹುದು. ಸಾಲದ್ದಕ್ಕೆ, ಇಷ್ಟರ ಮೇಲೆ ರೋಗ ಎನ್ನುವ ಗೆರೆಗಳು ಬಹುಪಾಲು ಯುರೋಪ್, ಅಮೆರಿಕದ ಬಿಳಿಯರ ರಕ್ತದಿಂದ ಎಳೆದವು. ನಮ್ಮವರಿಗೆ ಅದೇ ಗೆರೆ ಹೊಂದುತ್ತದೆಯೇ ಎಂಬುದನ್ನು ನಮ್ಮವರ ರಕ್ತದಲ್ಲೇ ನೋಡಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ವರ್ಷಗಳಿಂದ ಜನರನ್ನು ಹಿಂಬಾಲಿಸುತ್ತಿರುವ ಅಧ್ಯಯನದ ಬೆಲೆ ಇರುವುದು ಇಲ್ಲೇ.

ಪರೀಕ್ಷೆ ಮಾಡಿಸಿ 'ಇದೆ' ಎಂದು ಬಂದರೆ ಏನು ಬದಲಾಗುತ್ತದೆ ಎಂಬುದನ್ನೂ ಮೊದಲೇ ಮಾತಾಡಿಕೊಳ್ಳಿ. ಡೋನೆಪೆಜಿಲ್, ಮೆಮಾಂಟಿನ್‌ನಂಥ ಹಳೆಯ ಮಾತ್ರೆಗಳು ಲಕ್ಷಣಗಳಿಗೆ ಅಲ್ಪಸ್ವಲ್ಪ ಆಸರೆ ಕೊಡುತ್ತವೆ. ಅವನ್ನು ಶುರುಮಾಡಲು ಪಿ-ಟೌ ಬೇಕೇಬೇಕೆಂದಿಲ್ಲ. ಅಮೈಲಾಯ್ಡ್ ತೆಗೆಯುವ ಹೊಸ ಔಷಧಗಳಿಗೆ ಮಾತ್ರ ಅಮೈಲಾಯ್ಡ್ ಇರುವುದು ಖಚಿತವಾಗಬೇಕು. ಅವುಗಳಲ್ಲಿ ಒಂದಾದ ಲೆಕಾನೆಮ್ಯಾಬ್ 18 ತಿಂಗಳ ಪ್ರಯೋಗದಲ್ಲಿ ಕುಸಿತದ ವೇಗವನ್ನು 27% ತಗ್ಗಿಸಿತು. ಹೋದ ನೆನಪು ಮರಳಲಿಲ್ಲ. ಔಷಧ ಪಡೆದವರಲ್ಲಿ 12.6% ಮಂದಿಗೆ ಮಿದುಳಿನಲ್ಲಿ ಊತ ಕಂಡಿತು. ಹೆಚ್ಚಿನವರಿಗೆ ತಾನಾಗಿ ಇಳಿಯಿತಾದರೂ ಪದೇಪದೇ ಎಂಆರ್‌ಐ ಬೇಕು, ಎರಡು ವಾರಕ್ಕೊಮ್ಮೆ ನರಕ್ಕೆ ಡ್ರಿಪ್. ತಾಯಿಯ ವಯಸ್ಸು, ಸಕ್ಕರೆ, ರಕ್ತನಾಳಗಳ ಸ್ಥಿತಿ ನೋಡಿದರೆ ಆ ದಾರಿ ಅವರಿಗೆ ತೆರೆದಿದೆಯೋ ಇಲ್ಲವೋ, ಎಂಆರ್‌ಐ ನೋಡಿದವರಷ್ಟೇ ಹೇಳಬಲ್ಲರು. ತೆರೆದಿಲ್ಲವೆಂದರೆ ಪಿ-ಟೌ ಫಲಿತಾಂಶದಿಂದ ಚಿಕಿತ್ಸೆ ಹೆಚ್ಚು ಬದಲಾಗದು, ಆದರೂ ಕೆಲವು ಮನೆಗಳಿಗೆ ರೋಗದ ಹೆಸರು ತಿಳಿದರೆ ನೆಮ್ಮದಿ. ಪಿಂಚಣಿ, ಬ್ಯಾಂಕು, ಆಸ್ತಿಯ ಕಾಗದಗಳನ್ನು ಅವರ ಬುದ್ಧಿ ತಿಳಿಯಾಗಿರುವಾಗಲೇ ಅವರ ಇಚ್ಛೆಯಂತೆ ಮಾಡಿಸಬಹುದು. ಅದೂ ಒಂದು ಕಾರಣವೇ. ಪರೀಕ್ಷೆ ಬೇಕೋ ಬೇಡವೋ ಎಂದು ಅಮ್ಮನನ್ನೂ ಕೇಳಿ, ನಿಮ್ಮ ಪತ್ರದಲ್ಲಿ ಅವರ ಮಾತು ಒಂದೂ ಇಲ್ಲ.

ಪುಟ್ಟ ಯಂತ್ರಗಳಿಗೆ ಭವಿಷ್ಯವಿಲ್ಲವೆಂದು ನಾನು ಹೇಳಿದಂತೆ ಕೇಳಿಸಿದ್ದರೆ, ಹಾಗಲ್ಲ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ 7.4% ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ ಎಂಬ ಅಂದಾಜು 2023ರಲ್ಲಿ ಪ್ರಕಟವಾಗಿದೆ. ಪೆಟ್ ಸ್ಕ್ಯಾನ್ ಕೆಲವೇ ನಗರಗಳಲ್ಲಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ಒಬ್ಬರು ಮರೆವಿನ ದೂರಿರುವ ಅಜ್ಜಿಯ ಒಂದು ಹನಿ ರಕ್ತ ನೋಡಿ 'ಇವರಿಗೆ ಅಲ್ಝೈಮರ್ ಇರಲಾರದು, ಬೇರೆ ಕಾರಣ ಹುಡುಕಿ' ಎಂದು ಹೇಳಬಲ್ಲರಾದರೆ ಎಷ್ಟೋ ಮನೆಗಳ ಅಲೆದಾಟ ತಪ್ಪುತ್ತದೆ. ನನ್ನ ಅಂದಾಜಿನಲ್ಲಿ ನಮಗೆ ಮೊದಲು ಬರುವುದು ಕೈಯಲ್ಲಿ ಹಿಡಿಯುವ ಯಂತ್ರವಲ್ಲ, ಕಾರ್ಡು. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದವರು ಬೆರಳ ರಕ್ತವನ್ನು ಕಾರ್ಡಿನ ಮೇಲೆ ಒಣಗಿಸಿ, ಅಂಚೆಯಲ್ಲಿ ಕಳಿಸಿ, ದೊಡ್ಡ ಲ್ಯಾಬಿನಲ್ಲಿ ಪಿ-ಟೌ217 ಅಳೆಯುವ ವಿಧಾನದ ಮೇಲೆ ಕೆಲಸ ಮಾಡುತ್ತಿದ್ದಾರೆ. ಹನಿ ಊರಿನಲ್ಲೇ ಸಿಗುತ್ತದೆ, ಸೂಕ್ಷ್ಮದ ಕೆಲಸ ಲ್ಯಾಬಿನಲ್ಲಿ ನಡೆಯುತ್ತದೆ, ಐಸ್ ಪೆಟ್ಟಿಗೆಯ ಹಂಗಿಲ್ಲ. ಶೀತಲ ಸಾಗಣೆಯೇ ಕಷ್ಟವಾದ ನಮ್ಮಲ್ಲಿಗೆ ಇದು ಹೇಳಿ ಮಾಡಿಸಿದಂತಿದೆ.

ಆ ಮಾರಾಟಗಾರರು ಮತ್ತೆ ಫೋನ್ ಮಾಡಿದರೆ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯ ಪರವಾನಗಿ ಸಂಖ್ಯೆ ಕೇಳಿ. ಇಂಥ ರೋಗಪತ್ತೆಯ ಸಾಧನವನ್ನು 2017ರ ವೈದ್ಯಕೀಯ ಸಾಧನಗಳ ನಿಯಮಗಳ ಪ್ರಕಾರ ಪರವಾನಗಿಯಿಲ್ಲದೆ ಇಲ್ಲಿ ಮಾರುವಂತಿಲ್ಲ. ಈ ವಾರ ಮಾಡಬೇಕಾದ್ದು ಇಷ್ಟು: ಕ್ರಿಯಾಟಿನಿನ್ ಮತ್ತೆ ಮಾಡಿಸಿ, ಆರು ತಿಂಗಳ ಹಿಂದಿನದು ಹಳತಾಯಿತು, ಜೊತೆಗೆ ಬಿ12, ಥೈರಾಯ್ಡ್, ಸೋಡಿಯಂ. ಅವರು ನುಂಗುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪುಗಳನ್ನು, ನೆಗಡಿ ಗುಳಿಗೆ ನಾಟಿ ಪುಡಿ ಸಮೇತ, ಒಂದು ಚೀಲಕ್ಕೆ ಹಾಕಿಕೊಂಡು ಸಕ್ಕರೆಯ ವೈದ್ಯರ ಬಳಿ ಹೋಗಿ. ನಿಮ್ಹಾನ್ಸ್ ಸಹಯೋಗದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮಿದುಳು ಆರೋಗ್ಯ ಕ್ಲಿನಿಕ್‌ಗಳು ಬಂದಿವೆ; ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಯಾವ ದಿನ ನಡೆಯುತ್ತದೆಂದು ವಿಚಾರಿಸಿ, ಬೇಕಾದರೆ ಅಲ್ಲಿಂದಲೇ ಬೆಂಗಳೂರಿಗೆ ಚೀಟಿ ಬರೆಸಿಕೊಳ್ಳಿ. ನೋಡಿಕೊಳ್ಳುವ ಒತ್ತಡ ನಿಮಗೇ ಹೆಚ್ಚಾದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಹಿರಿಯರ ಸಹಾಯವಾಣಿ 14567. ಎರಡಕ್ಕೂ ಹಣ ಕೊಡಬೇಕಿಲ್ಲ.